ಕಾಲಿಗೆ ಬಂದ ಡಗ್ಗಾ

ಗುರುಶಾಂತ ಕರಿಯ ಪೆಡಲನ್ನು ಪಾದದ ಹತ್ತಿರ ಸರಿಸಿದ್ದೇ ತಡ, ತಬಲಾ ಮೌಲಾಹುಸೇನ ಹಾವು ಕಂಡವನಂತೆ ಕಾಲು ಹಿಂದಕ್ಕೆ ಎಳೆದುಕೊಂಡ.

"ಏನ್ ಗುರುಶಾಂತ, ಕಾಲಿಲೆ ಬಾರ್ಸೋದಾ?"

"ಹೂಂ ಮೌಲಣ್ಣ. ಮ್ಯಾಲಿನ ಪ್ಯಾಡ್ ಬಲಗೈಲೆ ಬಾರಸ್ರಿ. ಎಡಗೈಲೆ ಬಾರಸೋ ಡಗ್ಗಾದ ಪೆಟ್ಟು ಈ ಪೆಡಲಿನಾಗ ಐತಿ. ಒತ್ತಿ ನೋಡ್ರಿ."

"ವಾದ್ಯಕ್ಕ ಕಾಲು ತಾಗಸೋದಿಲ್ಲ ನಾನು."

ಕೂಡ್ಲಿಗಿ ಬಸ್ ಸ್ಟ್ಯಾಂಡ್ ಎದುರಿನ ಸೈಕಲ್ ಅಂಗಡಿಯ ಮೇಲಿನ ಕೋಣೆ ಗುರುಶಾಂತನ ಆರ್ಕೆಸ್ಟ್ರಾದ ಪ್ರಾಕ್ಟೀಸ್ ಜಾಗ. ಲಕ್ವಾ ಹೊಡೆದು ಮೌಲಾಹುಸೇನನ ಎಡಗೈ ಬಿದ್ದುಹೋದ ಮೇಲೆ ಅವನ ತಬಲಾ ಜೋಡಿ ಗವಸು ಹೊದ್ದು ಇಲ್ಲಿನ ಮೂಲೆ ಸೇರಿತ್ತು. ಬೇರೆ ಮಾಲೀಕನಾಗಿದ್ದರೆ ಅವನನ್ನು ಅಂದೇ ಕೈಬಿಡುತ್ತಿದ್ದ. ಗುರುಶಾಂತ ಹುಬ್ಬಳ್ಳಿಗೆ ಹೋಗಿ ಈ ರಿದಮ್ ಪ್ಯಾಡ್ ತಂದಿದ್ದ. ರಬ್ಬರಿನ ಚೌಕಗಳ ಪೆಟ್ಟಿಗೆ. ಒಂದು ಚೌಕದಲ್ಲಿ ತಬಲಾ, ಒಂದರಲ್ಲಿ ಡೋಲು, ಇನ್ನೊಂದರಲ್ಲಿ ಗಾಜು ಒಡೆದ ಸದ್ದು. ಅದು ಯಾವ ಹಾಡಿಗೆ ಬೇಕೋ ಮಾಡಿದವರಿಗೇ ಗೊತ್ತು. ನಾಡಿದ್ದು ಕೊಟ್ಟೂರಿನಲ್ಲಿ ಒಂದು ಮದುವೆ ರಿಸೆಪ್ಷನ್ ಇತ್ತು. ಇವತ್ತು ಕೈಗೂಡದಿದ್ದರೆ ಹೊಸಪೇಟೆಯಿಂದ ಇನ್ನೊಬ್ಬನನ್ನು ಕರೆಸಬೇಕು. ಬಂದವನು ಮತ್ತೆ ಹೋಗುವುದಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಮೌಲಾಹುಸೇನ ಕೋಲು ಹಿಡಿದ. ಬೆಳಿಗ್ಗೆಯಿಂದ ಒಂದೊಂದೇ ಚೌಕವನ್ನು ಮೆಲ್ಲಗೆ, ಜೋರಾಗಿ, ಅಂಚಿನಲ್ಲಿ, ನಡುವಿನಲ್ಲಿ ಬಡಿದು ನೋಡಿ, ಯಾವುದರ ಹೊಟ್ಟೆಯಲ್ಲಿ ಏನಿದೆ ಎಂದು ಗುರುತು ಮಾಡಿಕೊಂಡಿದ್ದ. ಬಲಗೈ ಎಂದಿನಷ್ಟೇ ಚುರುಕಾಗಿತ್ತು. ಗುರುಶಾಂತ ಹಾಡು ಎತ್ತಿಕೊಂಡ. ಮೇಲಿನ ಪೆಟ್ಟುಗಳೆಲ್ಲ ಬಂದವು, ಕೆಳಗಿನ 'ಗುಮ್' ಮಾತ್ರ ಬರಲಿಲ್ಲ. ಉಪ್ಪಿಲ್ಲದ ಸಾರಿನಂತೆ ಹಾಡು ಸಪ್ಪಗಾಯಿತು. ಪಲ್ಲವಿ ಮುಗಿಯುವ ಮೊದಲೇ ಗುರುಶಾಂತ ನಿಲ್ಲಿಸಿದ.

ಮೌಲಾಹುಸೇನ ಪೆಡಲನ್ನು ಬಲಗೈಯಿಂದ ಎತ್ತಿ ಟೇಬಲ್ಲಿನ ಮೇಲಿಟ್ಟ. ಭುಜದ ಜೋರಿನಿಂದ ಎಡ ಮೊಣಕೈಯನ್ನು ಎಳೆದು ತಂದು ಅದರ ಮೇಲೆ ಹಾಕಿದ. ಒಂದು ಸಲ 'ಗುಮ್' ಎಂದಿತು. ಎರಡನೇ ಸಲ ಮೊಣಕೈ ಜಾರಿತು, ಅಂಗಿಯ ಗುಂಡಿ ಬಿಚ್ಚಿಕೊಂಡಿತು, ಪೆಡಲು ನೆಲಕ್ಕೆ ಬಿತ್ತು.

"ಟೇಬಲ್ಲು ಅಳ್ಳಾಡತೈತಿ," ಎಂದ.

"ಕುಣಿಯಾಕ ಬರಲಾರ್ದಾಕಿ ನೆಲ ಡೊಂಕು ಅಂದ್ಲಂತ." ಬಾಗಿಲಲ್ಲಿ ಅವನ ಹೆಂಡತಿ ಜುಬೇದಾ ಬೀ ಬುತ್ತಿ ಹಿಡಿದು ನಿಂತಿದ್ದಳು.

"ನೀವರ ಹೇಳ್ರಿ ಅಕ್ಕ. ಪೆಡಲಿಗೆ ಕಾಲು ತಾಗಸೋದಿಲ್ಲ ಅಂತ ಕುಂತಾರ," ಎಂದ ಗುರುಶಾಂತ.

ಜುಬೇದಾ ಪೆಡಲನ್ನೂ ಗಂಡನನ್ನೂ ನೋಡಿದಳು. "ನಿಮ್ಮ ಏಕಾಂತಪ್ಪ ಮಾಸ್ತರು ನಾಟಕದಾಗ ಕಾಲ್ಪೆಟ್ಟಿಗಿ ತುಳೀತಿದ್ರಲ್ಲ, ಅದು ಕಾಲಲ್ಲೇನು?"

ಏಕಾಂತಪ್ಪ ಮಾಸ್ತರು ಮೌಲಾಹುಸೇನನ ಗುರು. ತಬಲಾಕ್ಕೆ ಕಾಲು ತಾಗಿಸಿದ ಶಿಷ್ಯನಿಗೆ ಅವತ್ತು ಅವರ ಮನೆಯಲ್ಲಿ ಊಟ ಇರಲಿಲ್ಲ. ಆದರೆ ತಾವು ಹಾರ್ಮೋನಿಯಂ ಮುಂದೆ ಕೂತರೆ ಎರಡೂ ಕಾಲಿನಿಂದ ತುಳಿದು ಗಾಳಿ ತುಂಬುತ್ತಿದ್ದರು.

"ಅವರು ತುಳೀತಿದ್ದದ್ದು ಗಾಳಿ. ನಾದ ಕೈಯಾಗಿತ್ತು. ಇಲ್ಲಿ ಕಾಲೇ ಪೆಟ್ಟು ಹೊಡೀಬೇಕು. ಅದು ಬ್ಯಾರೆ, ಇದು ಬ್ಯಾರೆ."

ಮಾತು ಸರಿಯಾಗಿಯೇ ಇತ್ತು. ಗುರುಶಾಂತ ವೈರನ್ನು ಸರಿಪಡಿಸುವ ನೆಪದಲ್ಲಿ ಬಗ್ಗಿಕೊಂಡು, "ಹಂಗಾರ ಹೊಸಪ್ಯಾಟಿಗೆ ಫೋನ್ ಮಾಡ್ಲೇನ್ರಿ?" ಎಂದು ಕೇಳಿದ. ಮೌಲಾಹುಸೇನ ಬಿಚ್ಚಿದ ಗುಂಡಿಯನ್ನು ಬಲಗೈಯೊಂದರಿಂದಲೇ ಹಾಕಿಕೊಳ್ಳಲು ನೋಡಿದ.

ಜುಬೇದಾ ಬುತ್ತಿ ಕೆಳಗಿಟ್ಟು ಬಂದು ಗಂಡನ ಅಂಗಿಯ ಗುಂಡಿ ಹಾಕಿದಳು.

"ಈ ಗುಂಡಿ ಹಾಕೋರು ಯಾರು? ನಾನು. ನೀವು ಉಣ್ಣಾಗ ರೊಟ್ಟಿ ಮುರಿದು ಕೊಡೋರು ಯಾರು? ನಾನು. ನಾ ನಿಮಗ ಎಡಗೈ ಆಗೀನಿ. ಒಂದಿನರ ಬ್ಯಾಡ ಅಂದ್ರೇನು? ನಿಮ್ಮ ಕಾಲು ನಿಮಗ ಎಡಗೈ ಆಗಬಾರದೇನು?"

ಕಿಟಕಿಯಾಚೆ ಕೆಳಗೆ ಕಂಡಕ್ಟರ್ ಚಿತ್ರದುರ್ಗ, ಚಿತ್ರದುರ್ಗ ಎಂದು ಕೂಗುತ್ತಿದ್ದ.

"ಒಂದು ತಂಬಿಗಿ ನೀರು ಕೊಡು," ಎಂದ ಮೌಲಾಹುಸೇನ.

ಹೊರಗೆ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ. ಜುಬೇದಾ ನೀರು ಹಾಕಿದಳು. ನಮಾಜಿಗೆ ಹೊರಟವನ ಹಾಗೆ ಬಲಗಾಲನ್ನು ಬೆರಳ ಸಂದು ಬಿಡಿಸಿ ಬಿಡಿಸಿ, ಕಣಕಾಲಿನವರೆಗೂ ತೊಳೆದ. ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡ. ಒಳಗೆ ಬಂದು ಕುರ್ಚಿಯಲ್ಲಿ ಕೂತು ಪೆಡಲಿನ ಮೇಲೆ ಪಾದ ಇಟ್ಟ.

ಮೊದಮೊದಲು ಕೈ ಮುಂದಾಯಿತು, ಕಾಲು ಹಿಂದಾಯಿತು. ಗುರುಶಾಂತ ಈ ಸಲ ಹಾಡು ನಿಲ್ಲಿಸಲಿಲ್ಲ. ಚರಣ ಬರುವ ಹೊತ್ತಿಗೆ ಎರಡಕ್ಕೂ ಹೊಂದಿಕೆಯಾಗಿ 'ಗುಮ್' ತನ್ನ ಜಾಗಕ್ಕೇ ಬಂದು ಬೀಳತೊಡಗಿತು. ಹಳೆಯ ಎಡಗೈಯ ಹಾಗೇ ಒಂದು ಕೂದಲೆಳೆ ತಡಮಾಡಿ, ಹಾಡಿಗೆ ತೂಕ ಕೊಟ್ಟು ಬೀಳುತ್ತಿತ್ತು. ಕೆಳಗೆ ಸೈಕಲ್ ಅಂಗಡಿಯ ಸುತ್ತಿಗೆ ಸದ್ದು ನಿಂತುಹೋಯಿತು. ಮೌಲಾಹುಸೇನನಿಗೆ ಸಂತೋಷ ತಡೆಯಲಾಗಲಿಲ್ಲ. ಹೆಂಡತಿಯ ಮುಂದೆ ಅಳಬಾರದೆಂದು ಕಣ್ಣು ಮುಚ್ಚಿಕೊಂಡೇ ಬಾರಿಸಿದ.

ಹಾಡು ಮುಗಿಯಿತು.

"ನಾಡಿದ್ದು ಕೊಟ್ಟೂರಿಗೆ ಮಧ್ಯಾನದ ಬಸ್ಸಿಗೆ ಬರ್ರಿ ಮೌಲಣ್ಣ," ಎಂದು ಗುರುಶಾಂತ ವೈರು ಸುತ್ತತೊಡಗಿದ.

ಮೌಲಾಹುಸೇನ ಏಳುವ ಮುಂಚೆ, ತಬಲಾ ಬಾರಿಸಿದ ದಿನಗಳಲ್ಲಿ ಮಾಡುತ್ತಿದ್ದ ಹಾಗೆಯೇ, ಪೆಟ್ಟಿಗೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಬಗ್ಗಿ, ತನ್ನದೇ ಬಲಗಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.