ಓಡದೇ ನಿಂತಿದ್ದ ಉದ್ದ ಮುಳ್ಳು

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ಸೀನಿಗಿಂತ ಮೊದಲು ಕಾಕಾನ ಗಡಿಯಾರ ನೆನಪಾಗುತ್ತದೆ.

ಹಳೆಯ ಗಡಿಯಾರ ಕೂಡಿಡುವುದು ಅಪ್ಪನ ತಮ್ಮನಿಗೆ, ಅಂದರೆ ನಮ್ಮ ಕಾಕಾನಿಗೆ, ಹಿಡಿದ ಹುಚ್ಚು. ಆ ಮಧ್ಯಾಹ್ನ ಅವನು ರಾಣೆಬೆನ್ನೂರಿನಲ್ಲಿ ಅಪ್ಪನ ಮೋಟರ್‌ಸೈಕಲ್ಲನ್ನೇ ಕೊಟ್ಟು ಒಂದು ಕೈಗಡಿಯಾರ ತಂದಿದ್ದ. ಕಪ್ಪು ಮುಖ, ಬದಿಗೆ ಎರಡು ಗುಂಡಿ.

"ಚಂದ್ರನ ಮ್ಯಾಲೆ ಇಳದವ್ರು ಇಂಥಾದ್ನ ಕಟಗೊಂಡಿದ್ರಣ್ಣಾ" ಎಂದ.

ಅಪ್ಪ ಅದನ್ನು ಕಿವಿಗೆ ಹಿಡಿಯಲಿಲ್ಲ, ಬರೀ ನೋಡಿದ. ನಡುವಿನ ಉದ್ದ ಸೆಕೆಂಡಿನ ಮುಳ್ಳು ಹನ್ನೆರಡರ ಮೇಲೆ ಸುಮ್ಮನೆ ನಿಂತಿತ್ತು.

"ಸತ್ತ ಗಡಿಯಾರಕ್ಕ ಗಾಡಿ ಕೊಟ್ಟು ಬಂದೀ. ಅವ್ರು ಚಂದ್ರಗ ಹೋದ್ರು, ನಾವು ಬ್ಯಾಡಗಿಗೂ ನಡಕೋತ ಹೋಗೂದೇನಲೇ?"

ಎತ್ತಿಗೆ ಹೊಡೆಯುವ ಬಾರಕೋಲು ಅಪ್ಪನ ಕೈಗೆ ಬಂತು. ಮೊದಲ ಏಟಿಗೇ ಕಾಕಾ ಅಂಗಳದಲ್ಲಿ ಹರವಿದ್ದ ಮೆಣಸಿನಕಾಯಿಯ ಮೇಲೆ ಬಿದ್ದ. ಒಡೆದ ತುಟಿಗೆ ಬೀಜ ಮೆತ್ತಿಕೊಂಡವು. "ಗುಂಡಿ ಒತ್ತಬೇಕಣ್ಣಾ" ಎನ್ನಲು ಬಾಯಿ ತೆರೆದರೆ ಸೀನು, ಸೀನಿನ ಮೇಲೆ ಏಟು. ಅಪ್ಪನೂ ಸೀನುತ್ತಲೇ ಹೊಡೆಯುತ್ತಿದ್ದ.

"ಕೊಲ್ತೀಯೇನೋ? ನಿನ್ನ ಬೆನ್ನಿಗೆ ಬಿದ್ದಾಂವ ಅಂವ" ಎಂದು ಅಜ್ಜಿ ಅಪ್ಪನ ತೋಳಿಗೆ ಜೋತುಬಿದ್ದಳು.

ನಾನು ಗಡಿಯಾರ ಎತ್ತಿಕೊಂಡು ಮೇಲಿನ ಗುಂಡಿ ಒತ್ತಿದೆ. ಗುಂಡಿ ಒತ್ತಿದರೆ ಮಾತ್ರ ಓಡುವ ಆ ಉದ್ದ ಮುಳ್ಳು ಓಡತೊಡಗಿತು. "ಅಪ್ಪಾ, ಓಡಾಕತ್ತೈತಿ ನೋಡು" ಎಂದು ಅವನ ಮುಖದ ಮುಂದೆ ಹಿಡಿದೆ.

ಅಪ್ಪ ನೋಡಿದ. ನೋಡಿದ ಮೇಲೆಯೂ ಎರಡು ಏಟು ಕೊಟ್ಟ. ಆ ಎರಡಕ್ಕೆ ಕಾಕಾ ಕೈ ಅಡ್ಡ ಹಿಡಿಯಲಿಲ್ಲ, ಮುಳ್ಳನ್ನೇ ನೋಡುತ್ತಿದ್ದ.