ಖಾಲಿ ತಕ್ಕಡಿ

ಕರೆಂಟು ಅಳೆಯುವ ಮೀಟರಿನ ಪುಟ್ಟ ಕಿಟಕಿಯಲ್ಲಿ ಸೊನ್ನೆ ಮೂಡಿತು. ಹುಲುಗೇಶ ಅದನ್ನು ಗಿರಣಿಯ ಯಜಮಾನ ಎರ್ರೆಪ್ಪನ ಮುಖದ ಮುಂದೆ ಹಿಡಿದ. ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆಳೆದು ಬಂದಿದ್ದ ಎರ್ರೆಪ್ಪ ಬರೀ ನೆಪ. ಅದು ಕಾಣಬೇಕಾಗಿದ್ದದ್ದು ಅವನ ಹಿಂದೆ ತಕ್ಕಡಿಯ ಬಳಿ ಕೂತಿದ್ದ ಮಗಳು ಸುಜಾತಾಳಿಗೆ. "ಗಿರಣಿ ಕರೆಂಟ್ ಪೂರಾ ಬಂದ್ ಆಗೈತ್ರಿ ಯಜಮಾನ್ರ" ಎಂದು ಹೇಳಿ, ಮುಚ್ಚಳ ಬಿಚ್ಚಿದ್ದ, ಮೋಟಾರು ಚಾಲೂ ಮಾಡುವ ಸ್ಟಾರ್ಟರಿನೊಳಗೆ ಕೈ ಹಾಕಲು ತೋಳು ಮಡಚಿದ.

ಕಾನಹೊಸಹಳ್ಳಿಯ ಆ ಹಿಟ್ಟಿನ ಗಿರಣಿ ಬೆಳಿಗ್ಗೆಯಿಂದ ನಿಂತಿತ್ತು. ಕೂಡ್ಲಿಗಿಯ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಫೋನ್ ಬಂದಾಗ ಹುಲುಗೇಶ, ನಾನೇ ಹೋಗುತ್ತೇನೆಂದು ಎಲ್ಲರಿಗಿಂತ ಮೊದಲು ಎದ್ದಿದ್ದ. ಅದಕ್ಕೆ ಕಾರಣವಿತ್ತು. ಹಿಂದಿನ ತಿಂಗಳು ಅವನವ್ವ ಈ ಮನೆಗೆ ಅವನ ಫೋಟೋ ಕಳಿಸಿ ಹೆಣ್ಣು ಕೇಳಿದ್ದಳು. ಹುಡುಗಿ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ. ಹಾಗಾಗಿ ಇವತ್ತು ಇಸ್ತ್ರಿ ಮಾಡಿದ ಅಂಗಿ, ಕೆಲವು ತಿಂಗಳ ಹಿಂದೆ ಬಳ್ಳಾರಿಯಿಂದ ತರಿಸಿದ ಹಳದಿ ಡಿಜಿಟಲ್ ಮೀಟರು. ಹಳೆಯ ಟೆಸ್ಟರನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಹೆಣ್ಣಿನ ಮುಂದೆ ಅದನ್ನು ಹಿಡಿದು ನಿಲ್ಲುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ.

"ಒಂದೀಟು ತಡೀರಿ" ಎಂದಳು ಸುಜಾತಾ. ಅವಳು ಮಾತಾಡಿದ್ದಕ್ಕೇ ಹುಲುಗೇಶನ ಕೈ ನಿಂತಿತು. "ನಾನು ಯಾರಿಗಾದ್ರೂ ಮೊದ್ಲು ಖಾಲಿ ತಕ್ಕಡಿ ಎತ್ತಿ ತೋರಿಸಿ, ಆಮ್ಯಾಲೆ ಜ್ವಾಳ ತೂಗ್ತೀನಿ. ನಿಮ್ಮ ಮೀಟ್ರು ಸರಿ ಐತಿ ಅಂತ ನಮಗ ಹೆಂಗ ಗೊತ್ತಾಗ್ಬೇಕು? ಅಲ್ಲಿ ರೇಡಿಯೋ ಹಾಡಾಕತ್ತೈತಿ, ಅದರ ಲೈನ್ ಬ್ಯಾರೆ. ಅದರ ಪ್ಲಗ್ಗಿನಾಗ ಹಿಡಿದು ತೋರಿಸ್ರಿ."

ಹೊಸ ಮೀಟರಿನ ಮೇಲೆ ಅನುಮಾನವೇ ಎಂದು ಹುಲುಗೇಶನಿಗೆ ಒಳಗೊಳಗೇ ನಗು. ಆದರೂ ಕೇಳಿದವಳು ಅವಳು. ರೇಡಿಯೋದ ಪಿನ್ನು ಕಿತ್ತು ಮೀಟರಿನ ಕಡ್ಡಿಗಳನ್ನು ಪ್ಲಗ್ಗಿಗೆ ಕೊಟ್ಟ. ಸೊನ್ನೆ. ಪಿನ್ನು ಮತ್ತೆ ಸಿಕ್ಕಿಸಿದರೆ ರೇಡಿಯೋ ಹಾಡಿತು. ಮತ್ತೆ ಕಿತ್ತು, ಕೆಂಪು ವೈರನ್ನು ಕಡ್ಡಿಯ ಬುಡದಲ್ಲಿ ಅಲ್ಲಾಡಿಸಿದಾಗ ಇನ್ನೂರ ಮೂವತ್ತು ಎಂದು ಮಿಂಚಿ ಮಾಯವಾಯಿತು.

ಹುಲುಗೇಶ ಮೀಟರು ಕೆಳಗಿಟ್ಟ. ಗೋಡೆಯ ಕಡೆ ಓಡಿ ಎರಡು ಮೇನ್ ಸ್ವಿಚ್ಚುಗಳ ಮೇಲಿನ ಹಿಟ್ಟು ಒರೆಸಿದ. ಎರ್ರೆಪ್ಪ ಕೆಳಗೆಳೆದಿದ್ದದ್ದು ಖಾರ ಕುಟ್ಟುವ ಯಂತ್ರದ ಹಿಡಿಕೆಯನ್ನು. ಗಿರಣಿಯದು ಮೇಲೇ ಇತ್ತು. ಅಂದರೆ ಸ್ಟಾರ್ಟರಿನೊಳಗೆ ಕರೆಂಟು ಹಾಗೇ ಕಾದು ಕೂತಿತ್ತು. ಎರ್ರೆಪ್ಪ "ಯಪ್ಪಾ" ಎಂದು ಜೋಳದ ಚೀಲದ ಮೇಲೆ ಕುಸಿದ. ಹುಲುಗೇಶ ತನ್ನ ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಂಡ. ಬದುಕಿದ್ದಕ್ಕೆ ಖುಷಿಯಾಗಿತ್ತು, ಅವಳ ಎದುರಿಗೇ ಹೀಗಾಯಿತಲ್ಲ ಎಂದು ಅಳುವೂ ಬಂದಿತ್ತು.

ತಪ್ಪು ಮೀಟರಿನದಲ್ಲ. ದಿನವಿಡೀ ಮೋಟಾರಿಗೆ ತಾಮ್ರದ ತಂತಿಯನ್ನು ಬಿಗಿದು ಸುತ್ತುವ ಕೈ ಅವನದು. ದಿನಾ ಸಂಜೆ ಮೀಟರಿನ ವೈರನ್ನೂ ಅದರ ಮೈಗೆ ಹಾಗೇ ಬಿಗಿದು ಸುತ್ತಿಟ್ಟು, ಎಷ್ಟು ಅಚ್ಚುಕಟ್ಟು ಎಂದು ತಾನೇ ಬೀಗುತ್ತಿದ್ದ. ಬಿಗಿ ತಾಳದೆ ಒಳಗಿನ ತಂತಿ ತುಂಡಾಗಿತ್ತು. ಹೊರಗಿನ ಕೆಂಪು ಹೊದಿಕೆ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

ಎರ್ರೆಪ್ಪ ಒಳ್ಳೆಯವನು. ಹುಡುಗನ ಮುಖ ನೋಡಲಾರದೆ, ಒಂದಿಷ್ಟು ಟೇಪು ಸುತ್ತಿ ಕೆಲಸ ಮುಗಿಸು ಎಂದು ಟೇಪಿನ ಸುರುಳಿ ತಂದುಕೊಟ್ಟ. ಹುಲುಗೇಶನಿಗೂ ಅಷ್ಟೇ ಬೇಕಿತ್ತು, ಬೇಗ ಮುಗಿಸಿ ಅಲ್ಲಿಂದ ಓಡಿಹೋಗಬಹುದಿತ್ತು. ಸುರುಳಿಯ ತುದಿ ಬಿಡಿಸಿ ವೈರಿನ ಬುಡಕ್ಕೆ ಹಿಡಿದು ನೋಡಿದ. ಆಮೇಲೆ ವಾಪಸು ಕೊಟ್ಟ.

"ಇದನ್ನ ನಂಬಾಕ ಆಗಂಗಿಲ್ರಿ. ಹೊಸಾ ವೈರ್ ತರ್ತೀನಿ" ಎಂದು, ಹಿಟ್ಟು ಮೆತ್ತಿದ ಅಂಗಿಯಲ್ಲೇ ಕೂಡ್ಲಿಗಿಯ ಬಸ್ಸು ಹತ್ತಿದ.

ದಾರಿಯುದ್ದಕ್ಕೂ, ಅಂಗಡಿಯಿಂದ ಬೇರೆ ಯಾರನ್ನಾದರೂ ಕಳಿಸಿಬಿಟ್ಟರೆ ಹೇಗೆ ಎಂದು ಲೆಕ್ಕ ಹಾಕಿದ. ಆದರೆ ಸಂಜೆಯ ಬಸ್ಸಿನಿಂದ ಅವನೇ ಇಳಿದ. ಚೀಲದಲ್ಲಿ ಹೊಸ ವೈರಿನ ಜೋಡಿಯಿತ್ತು, ಪಕ್ಕದಲ್ಲಿ ಹಳೆಯ ಟೆಸ್ಟರೂ ಇತ್ತು. ಯಾರೂ ಹೇಳದೆಯೇ ಮೊದಲು ರೇಡಿಯೋದ ಪ್ಲಗ್ಗಿಗೆ ಹೋದ. ಇನ್ನೂರ ಮೂವತ್ತು, ಅಲ್ಲಾಡಿಸಿದರೂ ಕದಲಲಿಲ್ಲ. ಸರಿಯಾದ ಹಿಡಿಕೆಯನ್ನು ತಾನೇ ಕೆಳಗೆಳೆದು ಸ್ಟಾರ್ಟರಿನ ಒಂದೊಂದೇ ತಂತಿಗೆ ಕಡ್ಡಿ ಮುಟ್ಟಿಸಿದ. ಸೊನ್ನೆ. ಕೈ ಹಾಕಲಿಲ್ಲ, ಮತ್ತೆ ಪ್ಲಗ್ಗಿನ ಕಡೆ ನಡೆದ. ಈಗ ತಾನೇ ನೋಡಿದೆಯಲ್ಲ, ಮತ್ತೇಕೆ ಎಂದು ಎರ್ರೆಪ್ಪ ಕೇಳಿದ.

"ನಡುವ ಕೆಟ್ಟಿರಬೋದಲ್ರಿ. ಮುಂಚೆ ಒಮ್ಮಿ, ಆಮ್ಯಾಲೆ ಒಮ್ಮಿ ನೋಡಿದ್ರನ ನಂಬಿಕಿ."

ಪ್ಲಗ್ಗಿನಲ್ಲಿ ಮತ್ತೆ ಇನ್ನೂರ ಮೂವತ್ತು ಬಂತು. ಸ್ಟಾರ್ಟರಿನೊಳಗೆ ಸುಟ್ಟಿದ್ದ ಕಾಯಿಲ್ ಬದಲಾಯಿಸಿ, ಹಿಡಿಕೆ ಮೇಲೆತ್ತಿ ಗುಂಡಿ ಒತ್ತಿದ ಕೂಡಲೇ ಗಿರಣಿ ಗುಡುಗಿತು. ಹುಲುಗೇಶ ಮೀಟರಿನ ವೈರನ್ನು ಬಿಗಿಯದೆ, ಕೈಗೆ ಸಡಿಲವಾಗಿ ಸುತ್ತಿ ಚೀಲಕ್ಕಿಟ್ಟ. ಇನ್ನು ಹೋಗಿಬರುತ್ತೇನೆ ಎನ್ನುವಷ್ಟರಲ್ಲಿ ಎರ್ರೆಪ್ಪ ಮಗಳ ಹತ್ತಿರ ಬಗ್ಗಿದ. ಗುಟ್ಟಾಗಿ ಕೇಳಬೇಕೆಂದಿದ್ದ, ಆದರೆ ಗಿರಣಿಯ ಸದ್ದಿಗೆ ಊರಿಗೆಲ್ಲ ಕೇಳುವಂತೆ ಕೂಗಬೇಕಾಯಿತು.

"ಇವರವ್ವಗ ಏನಂತ ಹೇಳ್ಲವಾ?"

ಸುಜಾತಾ ಖಾಲಿ ತಕ್ಕಡಿಯನ್ನು ಎತ್ತಿ ಹಿಡಿದಿದ್ದಳು. ಎರಡೂ ತಟ್ಟೆ ಸಮಕ್ಕೆ ನಿಲ್ಲುವವರೆಗೂ ಅದರ ಮೇಲಿಂದ ಕಣ್ಣು ಕೀಳಲಿಲ್ಲ. ಆಮೇಲೆ ಅವಳೂ ಕೂಗಿಯೇ ಹೇಳಿದಳು:

"ಮುಂಚೆ ಫೋಟೋದಾಗ ನೋಡೀನಿ, ಇವತ್ತು ಎದುರಿಗೆ ನೋಡೀನಿ. ಆಮ್ಯಾಲೆ ಒಮ್ಮಿ ನೋಡ್ಬೇಕಲ್ಲಪಾ. ಅವರವ್ವನ್ನ ಕರ್ಕೊಂಡು ಬರಾಕ ಹೇಳು."