ಕೊಕ್ಕರೆ ಗಿಡ

ನರ್ಸರಿ ನೋಡಿಕೊಳ್ಳಲು ಬಂದ ಹೊಸ ಮೇಡಂ ಕುಂಡದಿಂದ ಒಣಕಲು ಕಾಯೊಂದನ್ನು ಕಿತ್ತು, "ಇದೇನಜ್ಜಿ, ಕುಂಡಕ್ಕೊಂದು ಕಸ ಚುಚ್ಚಿಟ್ಟಿದ್ದೀರಲ್ಲ?" ಅಂದರು.

"ಕಸ ಅಲ್ಲ ಮೇಡಂ, ಆ ಗಿಡದ ಹೆಸರು ಅದು," ಅಂದಳು ಸಸಿಯಜ್ಜಿ.

ನರ್ಸರಿಯಲ್ಲಿ ಅವಳದು ಮೂವತ್ತು ವರ್ಷದ ಕೆಲಸ. ಓದು ತಲೆಗೆ ಹತ್ತಿದ್ದಿಲ್ಲ. ಮೊಳಕೆಯಲ್ಲಿ ಎಲ್ಲ ಸಸಿಯೂ ಹೆಚ್ಚುಕಡಿಮೆ ಒಂದೇ ಥರ. ಗುರುತು ತಪ್ಪಬಾರದೆಂದು ತಾಯಿಗಿಡದ ಒಣಕಾಯಿಯನ್ನೇ ಕುಂಡಕ್ಕೆ ಚುಚ್ಚುವಳು. ಒಂದು ದಿನವೂ ಅದಲುಬದಲಾದದ್ದಿಲ್ಲ.

ಮೇಡಂ ಕೆಟ್ಟವರಲ್ಲ. ಆದರೆ ಮಾಲೀಕರ ಅಪ್ಪಣೆಯಾಗಿತ್ತು: ಇನ್ನು ಪ್ರತಿ ಕುಂಡಕ್ಕೂ ಇಂಗ್ಲಿಷ್ ಹೆಸರಿನ ಚೀಟಿ, ಓದಲು ಬಾರದವರು ಸೋಮವಾರದಿಂದ ಗೊಬ್ಬರದ ಶೆಡ್ಡಿಗೆ. ಅಷ್ಟನ್ನು ಮೇಡಂ ನೆಲ ನೋಡುತ್ತ ಹೇಳಿ ಮುಗಿಸಿದರು. ಶೆಡ್ಡಿನಲ್ಲಿ ಬುಟ್ಟಿ ಹೊರಬೇಕು. ಅಜ್ಜಿಯ ಮೊಣಕಾಲುಗಳು ಬರಿಗೈಲಿ ನಡೆಯುವುದಕ್ಕೇ ಹತ್ತು ಸಲ ಯೋಚಿಸುತ್ತಿದ್ದವು. ಬುಟ್ಟಿ ಹೊತ್ತರೆ ವಾರ ದಾಟುವುದಿಲ್ಲ, ಆಮೇಲೆ ಮನೆಯೇ ಗತಿ. ಅದು ಅವಳಿಗೆ ಗೊತ್ತಿತ್ತು.

ಮೇಡಂ ಅಲ್ಲೇ ದಪ್ಪ ಪುಸ್ತಕ ಬಿಡಿಸಿಕೊಂಡು ಚೀಟಿ ಬರೆಯಲು ಕೂತರು. ಹೆಸರಿನ ಕೆಳಗೆ ಅದರ ಅರ್ಥವನ್ನೂ ಬರೆದರೆ ಕೊಳ್ಳಲು ಬಂದವರಿಗೆ ಖುಷಿಯಂತೆ. ಜೆರೇನಿಯಂ ಹೂಗಿಡದ ಸರದಿ ಬಂದಾಗ, ಅದರ ಕುಂಡದಿಂದ ಕಿತ್ತಿದ್ದ ಒಣಕಾಯಿಯನ್ನು ಕೈಗೆತ್ತಿಕೊಂಡು ಕೇಳಿದರು: "ಇದಕ್ಕೆ ನೀವೇನಂತೀರಿ?"

"ನಾನಾ? ಕೊಕ್ಕರೆ ಗಿಡ ಅಂತೀನಿ. ನಗಬೇಡಿ ಮತ್ತೆ. ನಿಮ್ಮ ಕೈಲಿರೋ ಕಾಯಿ ನೋಡಿ, ಥೇಟು ಕೊಕ್ಕರೆ ಕೊಕ್ಕು."

ಮೇಡಂ ನಕ್ಕೇಬಿಟ್ಟರು. ಪುಟದ ಮೇಲೆ ಬೆರಳಾಡಿಸುತ್ತ ಹೋದಂತೆ ನಗು ನಿಂತಿತು. ಆ ಸಾಲನ್ನು ಮತ್ತೊಮ್ಮೆ ಓದಿ, ಅಜ್ಜಿಗೆ ಬಿಡಿಸಿ ಹೇಳಿದರು. ಜೆರೇನಿಯಂ ಅನ್ನುವುದು ಗ್ರೀಕರ ಹಳೇ ಮಾತಿನಿಂದ ಬಂದದ್ದಂತೆ. ಆ ಮಾತಿಗೆ ಕೊಕ್ಕರೆ ಅಂತಲೇ ಅರ್ಥವಂತೆ. ಕಾಯಿ ಅದರ ಕೊಕ್ಕಿನ ಹಾಗಿದೆಯೆಂದು ಯಾರೋ ಎರಡು ಸಾವಿರ ವರ್ಷದ ಹಿಂದೆಯೇ ಹಾಗೆ ಕರೆದಿದ್ದರಂತೆ.

ಕಿತ್ತಿದ್ದ ಕಾಯಿಯನ್ನು ಮೇಡಂ ತಾವೇ ಮತ್ತೆ ಕುಂಡಕ್ಕೆ ಚುಚ್ಚಿದರು. ಇನ್ನೊಂದು ಸ್ಟೂಲು ಎಳೆದು ಪಕ್ಕಕ್ಕೆ ಹಾಕಿದರು.

"ಕೂತ್ಕೊಳ್ಳಿ ಅಜ್ಜಿ. ಯಾವ ಕುಂಡದಲ್ಲಿ ಯಾವ ಗಿಡ ಅಂತ ನೀವು ಹೇಳ್ತಾ ಹೋಗಿ, ನಾನು ಬರೀತೀನಿ. ನೀವಿಲ್ಲದೆ ಚೀಟಿ ಕೆಲಸ ಆಗಲ್ಲ ಅಂತ ಮಾಲೀಕರಿಗೆ ಹೇಳೋದು ನನಗೆ ಬಿಡಿ."

ಅಜ್ಜಿ ಕೂತು ಮೊಣಕಾಲು ನೀವಿಕೊಂಡಳು. ನಾಲ್ಕು ಚೀಟಿ ಮುಗಿದ ಮೇಲೆ ಮೆಲ್ಲಗೆ ಕೇಳಿದಳು:

"ಮೇಡಂ, ಆ ಹೆಸರಿಟ್ಟೋರಿಗೆ ಓದೋಕೆ ಬರ್ತಿತ್ತಾ?"

ಮೇಡಂ ಪುಸ್ತಕದ ಕಡೆ ನೋಡಿದರು. ಅದರಲ್ಲಿ ಅದು ಬರೆದಿರಲಿಲ್ಲ.